ಜೀನು ಇಳಿಸಿದ ಮೇಲೆ

ಸೇಡಂ ತಾಲೂಕಿನ ಕುರಕುಂಟಾ ಸೀಮೆಯಲ್ಲಿ ಕುದುರೆ ಕಣ್ಣಿಗೆ ಬೀಳುವುದು ಎರಡು ಕಡೆ. ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನ ಹಿಂದೆ. ಇಲ್ಲವೇ ದೇವರ ಜಗಲಿಯ ಪಟದಲ್ಲಿ, ಮೈಲಾರಲಿಂಗನನ್ನು ಹೊತ್ತು. ಸ್ಪರ್ಧೆ ಎಂದರೆ ನಮ್ಮ ಕಡೆ ಎತ್ತಿನದು. ಕಾರಹುಣ್ಣಿಮೆಯ ಸಂಜೆ ಕರಿ ಹರಿದ ಎತ್ತಿನ ಹೆಸರು ಮುಂದಿನ ಕಾರಹುಣ್ಣಿಮೆವರೆಗೆ ಕಟ್ಟೆಯ ಮಾತಿನಲ್ಲಿ ಇರುತ್ತದೆ. ಒಂದು ವರ್ಷ ಆ ಎತ್ತು ಹಿಂದೆ ಬೀಳುತ್ತದೆ. ಇನ್ನೊಂದು ವರ್ಷ ಹಗ್ಗದ ಹತ್ತಿರವೇ ಬರುವುದಿಲ್ಲ. ಅದು ಎಲ್ಲಿ ಹೋಯಿತು ಎಂದು ಕೇಳುವವರು ಕಡಿಮೆ. "ದುಡಿಯೋ ಎತ್ತಿಗಿ ಊರೆಲ್ಲಾ ಮಾಲಕರು, ಕುಂತ ಎತ್ತಿಗಿ ಒಬ್ಬನೇ ಮಾಲಕ" ಎಂದು ನಮ್ಮ ಮುತ್ಯಾ ಹೇಳುತ್ತಿದ್ದ.

ಆ ಮಾತು ಮತ್ತೆ ನೆನಪಾದದ್ದು 2021ರ ಆಗಸ್ಟ್‌ನಲ್ಲಿ, ಟೋಕಿಯೊ ಒಲಿಂಪಿಕ್ಸ್‌ನ ಕುದುರೆ ಸವಾರಿಯನ್ನು ಟಿವಿಯಲ್ಲಿ ನೋಡುವಾಗ. ಬೆಂಗಳೂರಿನ ಫವಾದ್ ಮಿರ್ಜಾ ಕಣದಲ್ಲಿದ್ದರು. ಅವರ ಕೆಳಗೆ ಹದಿನೈದು ವರ್ಷದ ಕಂದು ಕುದುರೆ, ಸೆನ್ಯೋರ್ ಮೆಡಿಕಾಟ್. ವೀಕ್ಷಕ ವಿವರಣೆಕಾರರು ಅಂಕ ಎಣಿಸುತ್ತಿದ್ದರು. ನನಗೆ ಮಾತ್ರ ಬೇರೊಂದು ಲೆಕ್ಕ ಹತ್ತಿತು. ಹದಿನೈದು ಎಂದರೆ ಈ ಆಟದಲ್ಲಿ ಇಳಿವಯಸ್ಸು. ಕುದುರೆ ಬದುಕುವುದು ಇಪ್ಪತ್ತೈದು ಮೂವತ್ತು ವರ್ಷ. ಊರಿಗೆ ಊರೇ ಮೆಚ್ಚಿದ ಪ್ರಾಣಿಯನ್ನು ಕಣದಿಂದ ಇಳಿಸುವುದು ಯಾವಾಗ? ಇಳಿಸಬೇಕೆಂದು ನಿರ್ಧರಿಸುವವರು ಯಾರು? ಇಳಿದ ಮೇಲೆ ಉಳಿದ ಹತ್ತು ಹನ್ನೆರಡು ವರ್ಷ ಅದು ಎಲ್ಲಿರಬೇಕು, ಯಾರ ಖರ್ಚಿನಲ್ಲಿ? ಈ ಮೂರು ಪ್ರಶ್ನೆಗಳಿಗೆ ಜಗತ್ತು ಇದುವರೆಗೆ ಕೊಟ್ಟಿರುವ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಇಟ್ಟು ನೋಡಿದ್ದೇನೆ.

ಮೂರು ದಿನದ ಪರೀಕ್ಷೆ

ಮೊದಲು ಆಟವನ್ನು ತಿಳಿಯೋಣ. ಫವಾದ್ ಆಡುವುದು ಇವೆಂಟಿಂಗ್. ಒಂದೇ ಕುದುರೆ, ಒಬ್ಬನೇ ಸವಾರ, ಮೂರು ಬಗೆಯ ಪರೀಕ್ಷೆ. ಮೊದಲನೆಯದು ಡ್ರೆಸ್ಸಾಜ್: ಕುದುರೆ ಸವಾರನ ಸೂಕ್ಷ್ಮ ಸನ್ನೆಗೆ ತಕ್ಕಂತೆ ಹೆಜ್ಜೆ ಹಾಕಬೇಕು. ಎರಡನೆಯದು ಕ್ರಾಸ್‌ಕಂಟ್ರಿ: ಮರದ ದಿಮ್ಮಿ, ಹಳ್ಳ, ನೀರು ದಾಟುತ್ತ ಕಿಲೋಮೀಟರುಗಟ್ಟಲೆ ಗಡಿಯಾರದ ವಿರುದ್ಧ ಓಡಬೇಕು. ಮೂರನೆಯದು ಷೋ ಜಂಪಿಂಗ್: ಹಿಂದಿನ ದಿನ ದಣಿದ ಕಾಲಿನಲ್ಲೇ, ತಾಗಿದರೆ ಬೀಳುವ ಕಂಬಗಳನ್ನು ಬೀಳಿಸದೆ ಹಾರಬೇಕು. ಕುಣಿಯುವವನ ನಯ, ಓಡುವವನ ಉಸಿರು, ಹಾರುವವನ ಕಣ್ಣಳತೆ ಒಂದೇ ಮೈಯಲ್ಲಿ ಇರಬೇಕು.

ಇಂಥ ಕುದುರೆ ಬೇಗ ತಯಾರಾಗುವುದಿಲ್ಲ. ಎಂಟು ವರ್ಷ ತುಂಬದ ಕುದುರೆಗೆ ಒಲಿಂಪಿಕ್ಸ್‌ನ ಇವೆಂಟಿಂಗ್‌ಗೆ ಪ್ರವೇಶವಿಲ್ಲ. ಹತ್ತರಿಂದ ಹದಿನೈದು ಹದಿನಾರು ಅದರ ಬೆಳೆಯ ಕಾಲ. ಕೆಳಗಿನ ಮಿತಿಯನ್ನು ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ ನಿಯಮದಲ್ಲಿ ಬರೆದಿದೆ. ಮೇಲಿನ ಮಿತಿಯನ್ನು ಬರೆದಿಲ್ಲ. ಇಷ್ಟು ವಯಸ್ಸಾದ ಮೇಲೆ ಸಾಕು ಎನ್ನುವ ಸಾಲು ಆ ಪುಸ್ತಕದಲ್ಲಿ ಇಲ್ಲದಿರುವುದರಿಂದಲೇ ನಿವೃತ್ತಿಯ ಪ್ರಶ್ನೆ ಪ್ರತಿ ಲಾಯದಲ್ಲೂ ಹೊಸದಾಗಿ ಹುಟ್ಟುತ್ತದೆ.

ಮೆಡಿಕಾಟ್ ಹುಟ್ಟಿದ್ದು 2006ರಲ್ಲಿ. ಮೊದಲು ಜರ್ಮನಿಯ ಬೆಟ್ಟಿನಾ ಹಾಯ್ ಅದರ ಸವಾರಿ ಮಾಡುತ್ತಿದ್ದರು. ಆಮೇಲೆ ಬೆಂಗಳೂರಿನ ಎಂಬೆಸಿ ರೈಡಿಂಗ್ ಸ್ಕೂಲಿನ ಬೆಂಬಲದಿಂದ ಅದು ಫವಾದ್ ಕೈಗೆ ಬಂತು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಈ ಜೋಡಿ ವೈಯಕ್ತಿಕ ಬೆಳ್ಳಿ ಗೆದ್ದಿತು; ರಾಕೇಶ್ ಕುಮಾರ್, ಆಶಿಶ್ ಮಲಿಕ್, ಜಿತೇಂದರ್ ಸಿಂಗ್ ಜೊತೆಗೂಡಿ ತಂಡದ ಬೆಳ್ಳಿಯೂ ಬಂತು. 1982ರ ದೆಹಲಿ ಕ್ರೀಡಾಕೂಟದಲ್ಲಿ ರಘುಬೀರ್ ಸಿಂಗ್ ಮತ್ತು ಸಂಗಡಿಗರು ಪದಕ ಗೆದ್ದ ಮೇಲೆ ಕುದುರೆ ಸವಾರಿಯಲ್ಲಿ ಭಾರತೀಯನೊಬ್ಬನಿಗೆ ವೈಯಕ್ತಿಕ ಪದಕ ಸಿಕ್ಕಿದ್ದು ಅದೇ ಮೊದಲು. ಮಧ್ಯೆ 36 ವರ್ಷ ಕಳೆದಿತ್ತು. ಮರುವರ್ಷ ಫವಾದ್‌ಗೆ ಅರ್ಜುನ ಪ್ರಶಸ್ತಿ ಬಂತು. ಕುದುರೆಗೆ ಬಂದದ್ದು ಗಾಯ. ಅದು ಬಹಳ ದಿನ ಸ್ಪರ್ಧೆಯಿಂದ ದೂರ ಉಳಿಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಟೋಕಿಯೊ ಅರ್ಹತೆಯ ಅಂಕಗಳನ್ನು ಫವಾದ್ 2019ರಲ್ಲಿ ಗಳಿಸಿದ್ದು ಬೇರೆ ಕುದುರೆಗಳ ಮೇಲೆ, ಟಚಿಂಗ್‌ವುಡ್ ಮತ್ತು ಫರ್ನ್‌ಹಿಲ್ ಫೇಸ್‌ಟೈಮ್ ಮೇಲೆ. ದಜಾರಾ ಎಂಬ ಇನ್ನೊಂದು ಕುದುರೆಯೂ ಒಲಿಂಪಿಕ್ಸ್‌ಗೆ ಸಿದ್ಧವಾಗಿತ್ತು. ಮೆಡಿಕಾಟ್‌ಗೆ ಗುಣವಾಗಲು ಬೇಕಾದ ಸಮಯ ಸಿಕ್ಕಿದ್ದು ಲಾಯದಲ್ಲಿ ಬೇರೆ ಕುದುರೆಗಳು ಇದ್ದುದರಿಂದ. ಒಂದೇ ಕುದುರೆ ಇರುವ ಸವಾರನಿಗೆ ಕಾಯುವ ಭಾಗ್ಯ ಇರುವುದಿಲ್ಲ. ಒಂಟೆತ್ತಿನ ರೈತ ಬಿತ್ತನೆಯ ಹದ ಬಂದಾಗ ಎತ್ತು ಕುಂಟಿದರೂ ನೊಗ ಹೂಡುವ ಹಾಗೆ, ಅವನೂ ಜೀನು ಹಾಕುತ್ತಾನೆ. ಪ್ರಾಣಿಯ ನಿವೃತ್ತಿ ಯಾವಾಗ ಎಂಬುದನ್ನು ಎಷ್ಟೋ ಸಲ ಹೀಗೆ ಮಾಲೀಕನ ಬಡತನವೇ ತೀರ್ಮಾನಿಸುತ್ತದೆ.

ಟೋಕಿಯೊದಲ್ಲಿ ಅವರು ಡ್ರೆಸ್ಸಾಜ್ ಮುಗಿಸಿದಾಗ 28 ಪೆನಾಲ್ಟಿಯೊಂದಿಗೆ ಒಂಬತ್ತನೆಯ ಸ್ಥಾನದಲ್ಲಿದ್ದರು. ಕ್ರಾಸ್‌ಕಂಟ್ರಿಯಲ್ಲಿ ಕೆಲವು ಸೆಕೆಂಡು ತಡವಾಗಿ ಹಿಂದೆ ಸರಿದರು. ಕೊನೆಗೆ ಮೊದಲ 25 ಮಂದಿಯ ಅಂತಿಮ ಸುತ್ತಿಗೆ ಬಂದು 23ನೆಯವರಾದರು. 2000ದ ಸಿಡ್ನಿಯಲ್ಲಿ ಇಮ್ತಿಯಾಜ್ ಅನೀಸ್ ಸ್ಪರ್ಧಿಸಿದ ಮೇಲೆ ಒಲಿಂಪಿಕ್ಸ್ ಇವೆಂಟಿಂಗ್‌ನಲ್ಲಿ ಭಾರತದ ಸವಾರ ಕಾಣಿಸಿಕೊಂಡದ್ದು ಅದೇ ಮೊದಲು.

ಅದೇ ಕ್ರಾಸ್‌ಕಂಟ್ರಿ ಹಾದಿಯಲ್ಲಿ, ಅದೇ ಆಗಸ್ಟ್ 1ರಂದು, ಸ್ವಿಟ್ಜರ್ಲೆಂಡಿನ ರಾಬಿನ್ ಗೋಡೆಲ್ ಸವಾರಿ ಮಾಡುತ್ತಿದ್ದ ಜೆಟ್ ಸೆಟ್ ಎಂಬ ಹದಿನಾಲ್ಕರ ಕುದುರೆ ಕೊನೆಯ ಹಾರುಗಳ ಹತ್ತಿರ ಕುಂಟತೊಡಗಿತು. ಕಾಲಿನ ಕೆಳಭಾಗದ ಕಟ್ಟು ಹರಿದಿತ್ತು. ವಾಸಿಯಾಗುವ ಗಾಯವಲ್ಲವೆಂದು ವೈದ್ಯರು ಹೇಳಿದರು. ಅದಕ್ಕೆ ದಯಾಮರಣ ಕೊಡಲಾಯಿತು. ಒಂದೇ ದಿನ, ಒಂದೇ ಹಾದಿ, ಒಂದು ವರ್ಷದ ಅಂತರದ ಎರಡು ಕುದುರೆ. ಒಂದು ಲಾಯಕ್ಕೆ ಮರಳಿತು. ಇನ್ನೊಂದಕ್ಕೆ ನಿವೃತ್ತಿ ಎಂಬ ಪ್ರಶ್ನೆಯೇ ಉಳಿಯಲಿಲ್ಲ.

ಬಾಯಿಲ್ಲದ ಪ್ರಾಣಿಯ ರಾಜೀನಾಮೆ

ಯಾವಾಗ ನಿಲ್ಲಿಸಬೇಕು ಎಂಬುದಕ್ಕೆ ವೈದ್ಯಶಾಸ್ತ್ರದ ಉತ್ತರ ಅರ್ಧ ಮಾತ್ರ ಸ್ಪಷ್ಟ. ಸ್ಪರ್ಧೆಯ ಕುದುರೆ ಮೊದಲು ಸೋಲುವುದು ಮುಂಗಾಲಿನಲ್ಲಿ. ಐನೂರು ಕಿಲೋ ಮೈ ಹಾರಿ ಇಳಿಯುವಾಗ ಭಾರವೆಲ್ಲ ಬೀಳುವುದು ಮೊಣಕಾಲಿನ ಕೆಳಗಿನ ಸ್ನಾಯುರಜ್ಜುಗಳ ಮೇಲೆ. ಅಲ್ಲಿ ಮಾಂಸವಿಲ್ಲ, ರಕ್ತದ ಓಡಾಟ ಕಡಿಮೆ; ಹರಿದದ್ದು ಕೂಡಿಕೊಂಡರೂ ಮೊದಲಿನ ಪುಟಿತ ಬರುವುದಿಲ್ಲ. ಆಮೇಲೆ ಕೀಲುಗಳ ಸವೆತ, ಬೆನ್ನಿನ ನೋವು, ಗೊರಸಿನೊಳಗಿನ ಎಲುಬಿನ ತೊಂದರೆ. ಇವೆಲ್ಲ ಎಕ್ಸ್‌ರೇಯಲ್ಲೂ ಸ್ಕ್ಯಾನಿನಲ್ಲೂ ಕಾಣುತ್ತವೆ. ದೊಡ್ಡ ಕೂಟಗಳಲ್ಲಿ ಸ್ಪರ್ಧೆಗೆ ಮೊದಲೊಮ್ಮೆ, ಕ್ರಾಸ್‌ಕಂಟ್ರಿ ಮುಗಿದ ಮೇಲೊಮ್ಮೆ ಪ್ರತಿ ಕುದುರೆಯನ್ನೂ ಗಟ್ಟಿ ನೆಲದ ಮೇಲೆ ನಡೆಸಿ ಓಡಿಸಿ ತೀರ್ಪುಗಾರರೂ ವೈದ್ಯರೂ ನೋಡುತ್ತಾರೆ. ಹೆಜ್ಜೆ ತಪ್ಪಿದರೆ ಅಲ್ಲೇ ಹೊರಗೆ.

ಕಾಣದಿರುವ ಅರ್ಧವೇ ಕಷ್ಟದ್ದು. ಕುದುರೆ ಬೇಟೆಯಾಗುವ ಪ್ರಾಣಿಯ ಕುಲ. ಹಿಂಡಿನಲ್ಲಿ ಕುಂಟುವುದನ್ನು ತೋರಿಸಿಕೊಂಡದ್ದು ಮೊದಲು ಹುಲಿಯ ಬಾಯಿಗೆ ಬೀಳುತ್ತಿತ್ತು. ನೋವು ಮುಚ್ಚಿಡುವುದು ಅದರ ರಕ್ತದಲ್ಲಿದೆ. ಮೇಲಾಗಿ ಜನಜಂಗುಳಿ, ಚಪ್ಪಾಳೆ, ಸವಾರನ ಉಸಿರಿನ ಬಿಸಿ ಸೇರಿದಾಗ ಅದು ತನ್ನ ನೋವನ್ನು ತಾನೇ ಮರೆತು ಓಡುತ್ತದೆ. ಕೆಲವು ಕುದುರೆಗಳು ಒಪ್ಪಿಗೆಯಿಲ್ಲವೆಂದು ನಿಂತುಬಿಡುವುದೂ ಉಂಟು. ಟೋಕಿಯೊದಲ್ಲೇ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಸೇಂಟ್ ಬಾಯ್ ಎಂಬ ಕುದುರೆ ಹಾರಲು ಒಪ್ಪದೆ ನಿಂತಿತು. ಮುನ್ನಡೆಯಲ್ಲಿದ್ದ ಜರ್ಮನಿಯ ಸ್ಪರ್ಧಿ ಕಣ್ಣೀರಿಡುತ್ತ ಚಾಟಿ ಬೀಸಿದ್ದನ್ನು ಜಗತ್ತೆಲ್ಲ ನೋಡಿತು. ಅದರ ಫಲವಾಗಿ 2024ರ ಪ್ಯಾರಿಸ್ ಕೂಟದ ನಂತರ ಆ ಆಟದಿಂದ ಕುದುರೆಯನ್ನೇ ಕೈಬಿಡಲಾಯಿತು. ಕುದುರೆ ಇಲ್ಲ ಎಂದು ಹೇಳಬಲ್ಲದು. ಆದರೆ ಅದು ಹಾಗೆ ಹೇಳುವ ಹೊತ್ತಿಗೆ ನಾವು ಕೇಳಬೇಕಾದ ಕಾಲ ದಾಟಿರುತ್ತದೆ.

ಹಾಗಾದರೆ ಕೇಳುವವರು ಯಾರು? ಒಂದು ಸ್ಪರ್ಧೆಯ ಕುದುರೆಯ ಸುತ್ತ ಕನಿಷ್ಠ ಐದು ಜನ ಇರುತ್ತಾರೆ: ಮಾಲೀಕ, ಸವಾರ, ತರಬೇತುದಾರ, ವೈದ್ಯ, ದಿನವೂ ಮೈ ತಿಕ್ಕುವ ಸೈಸ್. ಮಾಲೀಕ ಹಣ ಹಾಕಿದ್ದಾನೆ. ಸವಾರನಿಗೆ ಮುಂದಿನ ಒಲಿಂಪಿಕ್ಸ್ ನಾಲ್ಕು ವರ್ಷ ದೂರ. ಅಷ್ಟರಲ್ಲಿ ಇಂಥ ಇನ್ನೊಂದು ಕುದುರೆ ಸಿಗುವ ಖಾತ್ರಿಯಿಲ್ಲ. ತರಬೇತುದಾರನಿಗೆ ಹೆಸರಿನ ಚಿಂತೆ. ವೈದ್ಯನನ್ನು ಕರೆಸುವವರು ಈ ಮೂವರೇ. ಬೆಳಗಿನ ಜಾವ ಲಾಯದ ಬಾಗಿಲು ತೆಗೆದಾಗ ಕುದುರೆ ಮೊದಲ ಹೆಜ್ಜೆಯನ್ನು ಹೇಗೆ ಇಟ್ಟಿತು, ಕಾಲಿನ ಯಾವ ಜಾಗ ಕೈಗೆ ಬಿಸಿ ತಾಗಿತು, ಹುರುಳಿ ಎಷ್ಟು ಉಳಿಸಿತು ಎಂಬುದು ಗೊತ್ತಿರುವುದು ಸೈಸ್‌ಗೆ. ಹೆಚ್ಚು ಕಾಣುವವನು ಅವನು. ತೀರ್ಮಾನದ ಮೇಜಿನ ಸುತ್ತ ಕುರ್ಚಿ ಇಲ್ಲದವನೂ ಅವನೇ. ಬೆಂಗಳೂರಿನ ರೇಸ್ ಲಾಯವಿರಲಿ, ಜರ್ಮನಿಯ ತರಬೇತಿ ಕೇಂದ್ರವಿರಲಿ, ಈ ಮಾತು ಎರಡು ಕಡೆಗೂ ಒಪ್ಪುತ್ತದೆ.

ಫವಾದ್ ಈ ವಿಷಯದಲ್ಲಿ ಅದೃಷ್ಟವಂತರು. ಅವರ ತಂದೆ ಡಾ. ಹಸ್ನೈನ್ ಮಿರ್ಜಾ ಕುದುರೆಗಳ ವೈದ್ಯರು. ಮನೆಯೊಳಗೇ ಎರಡನೆಯ ಅಭಿಪ್ರಾಯ ಸಿಗುವ ಸವಾರರು ಎಷ್ಟು ಜನ?

ಬೀಳ್ಕೊಡುಗೆಯ ಮೂರು ಬಗೆ

ಮೊದಲ ಬಗೆ, ಶಿಖರದಲ್ಲಿರುವಾಗಲೇ ಇಳಿಯುವುದು. ಇಂಗ್ಲೆಂಡಿನ ವಲೇಗ್ರೋ 2012ರ ಲಂಡನ್, 2016ರ ರಿಯೊ ಎರಡರಲ್ಲೂ ಷಾರ್ಲಟ್ ಡುಜಾರ್ಡಿನ್‌ಗೆ ಡ್ರೆಸ್ಸಾಜ್‌ನ ವೈಯಕ್ತಿಕ ಚಿನ್ನ ತಂದುಕೊಟ್ಟ ಕುದುರೆ. 2016ರ ಡಿಸೆಂಬರ್‌ನಲ್ಲಿ ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ಕೊನೆಯ ಪ್ರದರ್ಶನ ಕೊಟ್ಟು, ಹದಿನಾಲ್ಕರ ವಯಸ್ಸಿಗೆ ಕಣ ಬಿಟ್ಟಿತು. ಇನ್ನೂ ಗೆಲ್ಲಬಹುದಿತ್ತು, ಅದಕ್ಕೇ ಆ ನಿರ್ಧಾರ ದೊಡ್ಡದು.

ಎರಡನೆಯದು, ಗಾಯ ನೀಡಿದ ಎಚ್ಚರಿಕೆಯನ್ನು ಮೀರಿ ಒಮ್ಮೆ ಮರಳಿ, ಗೆದ್ದು ನಿಲ್ಲುವುದು. ನಿಕ್ ಸ್ಕೆಲ್ಟನ್‌ರ ಬಿಗ್ ಸ್ಟಾರ್ ಗಾಯದಿಂದ ಬಹುಕಾಲ ಹೊರಗಿದ್ದು, ರಿಯೊದಲ್ಲಿ ಷೋ ಜಂಪಿಂಗ್ ಚಿನ್ನ ಗೆದ್ದಿತು. ಆಗ ಸವಾರನಿಗೆ 58. 2017ರ ಮೇ ತಿಂಗಳಲ್ಲಿ ವಿಂಡ್ಸರ್‌ನಲ್ಲಿ ಸವಾರ, ಕುದುರೆ ಇಬ್ಬರೂ ಒಟ್ಟಿಗೇ ನಿವೃತ್ತರಾದರು. ಕೇಳಲು ಇಂಪಾದ ಕಥೆ. ಆದರೆ ಇದೇ ಕಥೆಯನ್ನು ನಂಬಿ ಮಾಗದ ಕಾಲಿನ ಕುದುರೆಯನ್ನು ಮತ್ತೆ ಕಣಕ್ಕೆ ಇಳಿಸಿದವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಒಬ್ಬ ಬಿಗ್ ಸ್ಟಾರ್ ಹಿಂದೆ ಎಷ್ಟು ಕುಂಟು ಕುದುರೆಗಳಿವೆಯೋ.

ಮೂರನೆಯದು ಸೇವೆಯ ನಿವೃತ್ತಿ. ಇದರ ಚೆಂದದ ಉದಾಹರಣೆ ನಮ್ಮ ದೇಶದ್ದೇ. ರಾಷ್ಟ್ರಪತಿಯ ಅಂಗರಕ್ಷಕ ದಳದ ವಿರಾಟ್ ಎಂಬ ಕುದುರೆ ಹದಿಮೂರು ಗಣರಾಜ್ಯೋತ್ಸವ ಪರೇಡ್‌ಗಳಲ್ಲಿ ಹೆಜ್ಜೆ ಹಾಕಿತ್ತು. 2022ರ ಜನವರಿಯಲ್ಲಿ ಅದಕ್ಕೆ ಭೂಸೇನಾ ಮುಖ್ಯಸ್ಥರ ಪ್ರಶಂಸಾಪತ್ರ ಸಿಕ್ಕಿತು. ಅದೇ ಜನವರಿ 26ರಂದು ಪರೇಡ್ ಮುಗಿದ ಮೇಲೆ ರಾಷ್ಟ್ರಪತಿ ರಾಮನಾಥ್ ಕೋವಿಂದ್, ಪ್ರಧಾನಿ ನರೇಂದ್ರ ಮೋದಿ, ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅದರ ಮುಖ ಸವರಿ ಬೀಳ್ಕೊಟ್ಟರು.

ಈ ಮೂರು ಬಗೆಗಳಲ್ಲೂ ಕ್ಯಾಮೆರಾ ಇದೆ, ಹಾರ ಇದೆ, ಒದ್ದೆಯಾದ ಕಣ್ಣಿದೆ. ಬೀಳ್ಕೊಡುಗೆ ಮನುಷ್ಯರಿಗೆ ಬೇಕಾದದ್ದು. ಕುದುರೆಗೆ ಅದು ಇನ್ನೊಂದು ಗದ್ದಲದ ಸಂಜೆ. ಅದರ ನಿವೃತ್ತಿ ಶುರುವಾಗುವುದು ಮರುದಿನ ಬೆಳಿಗ್ಗೆ, ಯಾರೂ ಜೀನು ತರದಿದ್ದಾಗ.

ಮರುದಿನದ ಬೆಳಗು

ಆ ಬೆಳಗಿನ ಬಗ್ಗೆ ತಿಳಿದವರು ಹೇಳುವ ಮೊದಲ ಮಾತು: ಒಮ್ಮೆಲೇ ನಿಲ್ಲಿಸಬೇಡಿ. ದಿನಾ ಗಂಟೆಗಟ್ಟಲೆ ದುಡಿದ ಮೈಗೆ ಕೆಲಸ ತಪ್ಪಿಸಿ, ಅದೇ ಕಾಳು ಅದೇ ಹುರುಳಿ ಹಾಕಿದರೆ ಹೊಟ್ಟೆಶೂಲೆ ಬರಬಹುದು, ಗೊರಸಿಗೆ ಉರಿಯೂತ ಹತ್ತಬಹುದು. ಎರಡೂ ಕುದುರೆಯ ಜೀವಕ್ಕೆ ಎರವಾಗುವ ರೋಗಗಳು. ಕಾಳನ್ನು ವಾರವಾರಕ್ಕೆ ಕಡಿಮೆ ಮಾಡಿ ಹುಲ್ಲು ಹೆಚ್ಚಿಸಬೇಕು. ಓಟ ನಿಲ್ಲಿಸಿದರೂ ನಡಿಗೆ ನಿಲ್ಲಿಸಬಾರದು. ಲಾಳ ಬಿಚ್ಚಿದರೂ ಗೊರಸು ಕತ್ತರಿಸುವುದು ತಪ್ಪಬಾರದು. ವಯಸ್ಸಾದಂತೆ ಹಲ್ಲು ಒರಟಾಗಿ ಮೇವು ಅಗಿಯಲಾಗುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಹಲ್ಲು ಸವರಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ ಜೊತೆ ಬೇಕು. ಕುದುರೆ ಹಿಂಡಿನ ಪ್ರಾಣಿ. ಹತ್ತು ಎಕರೆ ಹುಲ್ಲುಗಾವಲಿನಲ್ಲಿ ಒಂಟಿಯಾಗಿ ಬಿಟ್ಟರೆ ಅದು ಬೇಲಿಯ ಗುಂಟ ಓಡಿ ಓಡಿ ಸೊರಗುತ್ತದೆ.

ಎರಡನೆಯ ಮಾತು: ಎಲ್ಲ ನಿವೃತ್ತಿಯೂ ಹುಲ್ಲುಗಾವಲಿನದಾಗಬೇಕಿಲ್ಲ. ದೊಡ್ಡ ಹಾರುಗಳಿಂದ ಇಳಿದ ಕುದುರೆ ಸಣ್ಣ ಹಾರುಗಳಲ್ಲಿ ಇನ್ನೂ ಐದಾರು ವರ್ಷ ನಿರಾಯಾಸವಾಗಿ ಇರಬಲ್ಲದು. ಕಲಿಯುವ ಮಕ್ಕಳಿಗೆ ಇಂಥ ಅನುಭವಿ ಕುದುರೆಯೇ ಮೇಷ್ಟ್ರು: ಮಗು ತಪ್ಪು ಸನ್ನೆ ಕೊಟ್ಟರೂ ಅದು ಸರಿ ಹೆಜ್ಜೆ ಇಡುತ್ತದೆ. ಹೆಣ್ಣು ಕುದುರೆಯಾದರೆ ಮರಿ ಹಾಕಿಸಬಹುದು. ಸ್ಪರ್ಧೆಯ ಬಹುಪಾಲು ಗಂಡುಗಳು ಬೀಜ ತೆಗೆಸಿದವು, ಅವಕ್ಕೆ ಆ ದಾರಿ ಇಲ್ಲ. ಕೆಲಸವಿಲ್ಲದೆ ನಿಂತರೆ ಮಂಕಾಗುವ ಕುದುರೆಗಳೂ ಇವೆ. ಅವಕ್ಕೆ ಹಗುರ ಕೆಲಸವೇ ಮದ್ದು.

ಆದರೆ ಹಗುರ ಕೆಲಸ ಎಂಬ ಮಾತಿನ ಹಿಂದೆ ಅಪಾಯವೂ ಇದೆ. ಅದನ್ನು ಕರ್ನಾಟಕಕ್ಕೆ ಕಲಿಸಿದ್ದು ಕುದುರೆಯಲ್ಲ, ಆನೆ. ಮೈಸೂರು ದಸರಾದ ಅರ್ಜುನ 2012ರಿಂದ 2019ರವರೆಗೆ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ. ಅರವತ್ತು ದಾಟಿದ ಆನೆಗೆ ಭಾರ ಹೊರಿಸಬಾರದೆಂಬ ನಿಯಮದಂತೆ 2020ರಲ್ಲಿ ಅಂಬಾರಿ ಅಭಿಮನ್ಯುವಿನ ಬೆನ್ನಿಗೆ ಹೋಯಿತು. ಅರ್ಜುನ ನಿವೃತ್ತನಾದ ಎಂದು ನಾವೆಲ್ಲ ತಿಳಿದೆವು. ಅವನು ನಿವೃತ್ತನಾದದ್ದು ಅಂಬಾರಿಯಿಂದ ಮಾತ್ರ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಅವನನ್ನು ಕರೆದೊಯ್ದಿದ್ದರು. ಒಂಟಿ ಸಲಗದೊಡನೆ ಕಾದಾಡುತ್ತ ಅಲ್ಲೇ ಮಡಿದ. ಬೆನ್ನ ಮೇಲಿನ ಭಾರಕ್ಕೆ ನಿಯಮವಿತ್ತು, ಎದುರಿಗೆ ಬರುವ ದಂತಕ್ಕೆ ಇರಲಿಲ್ಲ. ನಾಡೆಲ್ಲ ಅತ್ತಿತು. ಒಂದು ಕೆಲಸದಿಂದ ಬಿಡಿಸಿ ಇನ್ನೊಂದಕ್ಕೆ ಹೂಡುವುದನ್ನು ನಿವೃತ್ತಿ ಎನ್ನಬಹುದೇ ಎಂಬ ಪ್ರಶ್ನೆಯನ್ನು ಅರ್ಜುನ ಬಿಟ್ಟುಹೋಗಿದ್ದಾನೆ. ಅಭಿಮನ್ಯುವಿಗೂ ಈಗ ಅರವತ್ತರ ಲೆಕ್ಕ ಶುರುವಾಗಿರುವಾಗ ಅದು ಹಳೆಯ ಪ್ರಶ್ನೆಯೇನಲ್ಲ.

ಇಲ್ಲೇ ವಯಸ್ಸಿನ ನಿಯಮದ ಚರ್ಚೆಯೂ ಬರುತ್ತದೆ. ಆನೆಗೆ ಅರವತ್ತು, ರಾಜ್ಯ ಸರ್ಕಾರಿ ನೌಕರನಿಗೂ ಅರವತ್ತು. ಕುದುರೆಗೂ ಹೀಗೊಂದು ಅಂಕಿ ಗೊತ್ತುಮಾಡಿದರೆ? ಪರವಾದ ವಾದ: ಅಂಕಿಗೆ ಆಸೆಯಿಲ್ಲ. ಮಾಲೀಕನ ಮರ್ಜಿ, ಸವಾರನ ಹಟ, ಪ್ರಾಯೋಜಕನ ಒತ್ತಡ ಯಾವುದೂ ಅದನ್ನು ಅಲುಗಿಸದು. ವಿರುದ್ಧದ ವಾದ: ಹನ್ನೆರಡಕ್ಕೇ ಸೋತ ಕುದುರೆಯನ್ನು ಹದಿನಾರರ ನಿಯಮ ಕಾಪಾಡುವುದಿಲ್ಲ, ಇನ್ನೂ ವರ್ಷ ಉಳಿದಿದೆಯಲ್ಲ ಎಂಬ ನೆಪವನ್ನೇ ಕೊಡುತ್ತದೆ. ನ್ಯೂಜಿಲೆಂಡಿನ ಮಾರ್ಕ್ ಟಾಡ್‌ರ ಚರಿಸ್ಮಾ ಹನ್ನೆರಡರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗೆದ್ದು, ಹದಿನಾರರಲ್ಲಿ ಸೋಲ್‌ನಲ್ಲಿ ಮತ್ತೆ ಚಿನ್ನ ಗೆದ್ದು ನಿವೃತ್ತವಾಯಿತು. ಹದಿನೈದರ ಕಟ್ಟು ಇದ್ದಿದ್ದರೆ ಎರಡನೆಯ ಚಿನ್ನ ಇರುತ್ತಿರಲಿಲ್ಲ. ನನಗೆ ಸರಿ ಕಾಣುವುದು ನಡುವಿನ ದಾರಿ: ಒಂದು ವಯಸ್ಸು ದಾಟಿದ ಕುದುರೆ ಪ್ರತಿ ವರ್ಷ ಮಾಲೀಕ ನೇಮಿಸದ, ಮಾಲೀಕನಿಂದ ಹಣ ಪಡೆಯದ ವೈದ್ಯರ ಮುಂದೆ ಪಾಸಾಗಬೇಕು.

ಚರಿಸ್ಮಾದ ಇನ್ನೊಂದು ಅಂಕಿ ಇನ್ನೂ ಮುಖ್ಯ. 1988ರಲ್ಲಿ ನಿವೃತ್ತವಾದ ಅದು ತೀರಿಕೊಂಡದ್ದು 2003ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ. ಪದಕದ ಮೇಲೆ ಹದಿನಾಲ್ಕು ವರ್ಷ ಬದುಕಿತು. ಅಂದರೆ ಅದು ಕಣದಲ್ಲಿ ಕಳೆದದ್ದಕ್ಕಿಂತ ಹೆಚ್ಚು ಕಾಲ. ಹದಿನಾಲ್ಕು ವರ್ಷ ಎಂದರೆ ಐದು ಸಾವಿರಕ್ಕೂ ಮೇಲ್ಪಟ್ಟು ದಿನಗಳ ಹುಲ್ಲು, ನೀರು, ಗೊರಸು, ಹಲ್ಲು. ಬೀಳ್ಕೊಡುಗೆಯ ಚಪ್ಪಾಳೆ ಅದರಲ್ಲಿ ಒಂದು ಸಂಜೆಯದು.

ಹೆಸರಿಲ್ಲದ ಕುದುರೆಗಳು

ಇದುವರೆಗೆ ಹೇಳಿದ್ದು ಪ್ರೀತಿಪಾತ್ರ ಕುದುರೆಗಳ ಮಾತು. ರೇಸಿನ ಕುದುರೆಗಳತ್ತ ತಿರುಗಿದರೆ ಪ್ರಶ್ನೆ ಕಟುವಾಗುತ್ತದೆ. ಅಲ್ಲಿ ಎರಡು ವರ್ಷಕ್ಕೆ ಓಟ ಶುರು. ಐದಾರಕ್ಕೆ ಬಹುಪಾಲು ಮುಗಿಯುತ್ತದೆ. ಉಳಿದ ಆಯಸ್ಸು ಇಪ್ಪತ್ತು ವರ್ಷ. ಗೆದ್ದ ಗಂಡು, ಒಳ್ಳೆಯ ವಂಶದ ಹೆಣ್ಣು ತಳಿ ಕೇಂದ್ರಕ್ಕೆ ಹೋಗುತ್ತವೆ; ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಫಾರಂ ಇದೆ. ಉಳಿದವು ಸವಾರಿ ಶಾಲೆಗೋ, ಪೊಲೀಸ್ ಪಡೆಗೋ, ಮದುವೆ ಮೆರವಣಿಗೆಗೋ, ಕೈಯಿಂದ ಕೈಗೆ ಮಾರಾಟವಾಗುತ್ತ ಯಾರ ದಾಖಲೆಗೂ ಸಿಗದ ಕಡೆಗೋ. ನಮ್ಮೂರ ಮದುವೆಯಲ್ಲಿ ಪಟಾಕಿಗೆ ಬೆಚ್ಚುವ ಬಿಳಿ ಕುದುರೆಯ ಹಿಂದಿನ ಹೆಸರನ್ನು ನಾವು ಯಾವತ್ತೂ ಕೇಳಿಲ್ಲ.

ಹೆಸರಿದ್ದ ಕುದುರೆಗೂ ರಕ್ಷಣೆ ಇರಲಿಲ್ಲ. ಫರ್ಡಿನಾಂಡ್ ಎಂಬುದು 1986ರ ಕೆಂಟಕಿ ಡರ್ಬಿ ಗೆದ್ದ ಕುದುರೆ. ಮರುವರ್ಷ ಅಮೆರಿಕದ ವರ್ಷದ ಕುದುರೆ ಎನಿಸಿತು. ತಳಿಗಾಗಿ ಜಪಾನಿಗೆ ಮಾರಾಟವಾಯಿತು. ಅಲ್ಲಿ ಬೇಡಿಕೆ ಮುಗಿದ ಮೇಲೆ 2002ರಲ್ಲಿ ಕಸಾಯಿಖಾನೆ ಸೇರಿತೆಂಬುದು ಮರುವರ್ಷ ಬಯಲಾಯಿತು. ಆ ಅವಮಾನದಿಂದ ಅಮೆರಿಕದಲ್ಲಿ ನಿವೃತ್ತ ರೇಸ್ ಕುದುರೆಗಳಿಗೆ ಹಣ ಕೂಡಿಸುವ ಪದ್ಧತಿಗಳು ಬೆಳೆದವು. 2012ರಲ್ಲಿ ಅದಕ್ಕೆಂದೇ ಒಂದು ಒಕ್ಕೂಟ ಹುಟ್ಟಿತು. ಬ್ರಿಟನ್ನಿನಲ್ಲಿ ರೇಸ್ ಕುದುರೆಗಳಿಗೆ ಬೇರೆ ಕೆಲಸ ಕಲಿಸಿ ಮನೆ ಹುಡುಕುವ ಸಂಸ್ಥೆ 2000ದಲ್ಲೇ ಶುರುವಾಗಿತ್ತು. ಆಸ್ಟ್ರೇಲಿಯಾದಲ್ಲಿ 2019ರಲ್ಲಿ ಟಿವಿ ತನಿಖೆಯೊಂದು ಕಸಾಯಿಖಾನೆಯ ಒಳಗನ್ನು ತೋರಿಸಿದ ಮೇಲೆ ಜನ ಸಿಟ್ಟಿಗೆದ್ದರು. ಎಲ್ಲೆಡೆಯೂ ಒಂದೇ ಕ್ರಮ: ಮೊದಲು ಹಗರಣ, ಆಮೇಲೆ ನಿಯಮ.

ನಮ್ಮಲ್ಲಿ ಕಾನೂನು ಮೊದಲೇ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಚಹಾ ಕುಡಿದು ಒಂದು ಪ್ಲೇಟು ಭಜಿ ತಿಂದರೆ ಆ ದಂಡ ಕಟ್ಟಿದಷ್ಟು ಹಣ ಮುಗಿಯುತ್ತದೆ.

ಇನ್ನೊಂದು ನಂಟನ್ನು ನಾವು ಮರೆಯಬಾರದು. ತೊಗರಿ ಹೊಲದಲ್ಲಿ ಹಾವು ಕಚ್ಚಿದವನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚುಚ್ಚುವ ಔಷಧ ತಯಾರಾಗುವುದು ಕುದುರೆ ಜಾತಿಯ ಪ್ರಾಣಿಗಳ ರಕ್ತದಿಂದ. ಅವುಗಳ ಮೈಗೆ ಸ್ವಲ್ಪ ಸ್ವಲ್ಪ ವಿಷ ಸೇರಿಸಿ, ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ತೆಗೆಯುತ್ತಾರೆ. ಕುದುರೆಯನ್ನು ಎಂದೂ ಮುಟ್ಟದ ಚಿಂಚೋಳಿಯ ಕೂಲಿಕಾರನ ಜೀವವೂ ಹೆಸರಿಲ್ಲದ ಒಂದು ಕುದುರೆಯ ಋಣದಲ್ಲಿರಬಹುದು.

ಖರ್ಚಿನ ಪುಟ

ಕೊನೆಗೆ ಎಲ್ಲ ಚರ್ಚೆಯೂ ಬಂದು ನಿಲ್ಲುವುದು ಹಣದ ಮುಂದೆ. ಗೆಲ್ಲದ ಕುದುರೆ ಗೆಲ್ಲುವ ಕುದುರೆಯಷ್ಟೇ ತಿನ್ನುತ್ತದೆ. ಅದಕ್ಕೆ ಪ್ರಾಯೋಜಕರಿಲ್ಲ, ಬಹುಮಾನವಿಲ್ಲ. ಭಾರತದ ಸವಾರರಿಗೆ ಇನ್ನೊಂದು ತೊಡಕು: ರೋಗತಡೆ ನಿಯಮಗಳಿಂದಾಗಿ ಇಲ್ಲಿನ ಕುದುರೆಯನ್ನು ಯುರೋಪಿನ ಕಣಕ್ಕೆ ಒಯ್ಯುವುದು ಬಹುಕಾಲ ದುಸ್ತರವಾಗಿತ್ತು. ಹಾಗಾಗಿ ಅವರು ಯುರೋಪಿನಲ್ಲೇ ಕುದುರೆ ಕೊಂಡು ಅಲ್ಲೇ ಸಾಕುತ್ತಾರೆ. ನಿವೃತ್ತಿಯ ವರ್ಷಗಳ ಬಾಡಿಗೆಯೂ ಯೂರೋದಲ್ಲೇ. 2025ರ ಜುಲೈನಲ್ಲಿ ಮೀರತ್‌ನ ಸೇನಾ ಪಶುವೈದ್ಯ ಕೇಂದ್ರಕ್ಕೆ ಜಾಗತಿಕ ಪ್ರಾಣಿ ಆರೋಗ್ಯ ಸಂಸ್ಥೆಯಿಂದ ಕುದುರೆ ರೋಗಮುಕ್ತ ಆವರಣವೆಂಬ ಮನ್ನಣೆ ಸಿಕ್ಕಿರುವುದು ಇಲ್ಲಿನ ಕುದುರೆಗಳಿಗೆ ಹೊರಗಿನ ದಾರಿ ತೆರೆಯುವ ಮೊದಲ ಹೆಜ್ಜೆ.

ಖರ್ಚು ತಾಳಲಾಗದವನು ಏನು ಮಾಡಬೇಕು? ವಾಸಿಯಾಗದ ನೋವಿನ ಕುದುರೆಗೆ ನೋವಿಲ್ಲದ ಸಾವು ಕೊಡುವುದು, ಕೈಯಿಂದ ಕೈಗೆ ಮಾರುವುದಕ್ಕಿಂತ ದೊಡ್ಡ ದಯೆ ಎಂದು ಹಲವು ಪಶುವೈದ್ಯರು ವಾದಿಸುತ್ತಾರೆ. ನಮ್ಮ ಮನಸ್ಸಿಗೆ ಇದು ಸುಲಭಕ್ಕೆ ಒಗ್ಗುವುದಿಲ್ಲ. ಆದರೆ ಮಾರಿ ಕೈತೊಳೆದುಕೊಂಡು, ಎಲ್ಲೋ ಸುಖವಾಗಿದೆ ಎಂದುಕೊಳ್ಳುವುದು ದಯೆಯಂತೂ ಅಲ್ಲ.

ಇದು ನಮಗೆ ದೂರದ ಮಾತೂ ಅಲ್ಲ. 2021ರಿಂದ ಜಾರಿಯಲ್ಲಿರುವ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ನಂತರ ಮುದಿ ಎತ್ತಿನ ಮೇವಿನ ಹೊಣೆ ಪೂರ್ತಿ ರೈತನ ಕೊರಳಿಗೆ ಬಿದ್ದಿದೆ. ಕಾಯ್ದೆ ಸರಿಯೋ ತಪ್ಪೋ ಎಂಬ ವಾದ ಬೇರೆ. ಕಣಕಿಯ ಸೂಡಿಗೆ ದುಡ್ಡು ಕೊಡುವವರು ಯಾರು ಎಂಬ ಪುಟ ಅಲ್ಲೂ ಖಾಲಿ. ಮನುಷ್ಯರ ವಿಷಯದಲ್ಲೂ ಹೀಗೆಯೇ. ಕುರಕುಂಟಾದ ಸಿಸಿಐ ಸಿಮೆಂಟ್ ಕಾರ್ಖಾನೆಯ ಚಿಮಣಿ ಹೊಗೆ ಉಗುಳುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಯಿತು. ಅಲ್ಲಿ ದುಡಿದವರನ್ನು ಕೇಳಿ ನೋಡಿ. ಕಾರ್ಖಾನೆ ಶುರುವಾದ ದಿನವೇ ಕಾಗದದಲ್ಲಿ ಬರೆದುಕೊಂಡದ್ದು ಕೈಗೆ ಸಿಗುತ್ತದೆ. ಮುಚ್ಚುವ ದಿನ ಕೊಟ್ಟ ಭರವಸೆ ಗಾಳಿಗೆ ಹೋಗುತ್ತದೆ.

ಆದ್ದರಿಂದ ನಿವೃತ್ತಿಯನ್ನು ನಿರ್ಧರಿಸಬೇಕಾದ ದಿನ ಕುದುರೆ ಕುಂಟಿದ ದಿನವಲ್ಲ, ಕೊಂಡ ದಿನ. ಬೆಲೆಯ ಒಂದು ಪಾಲು, ಗೆದ್ದ ಪ್ರತಿ ಬಹುಮಾನದ ಒಂದು ಪಾಲು ಅದರ ಹೆಸರಿನಲ್ಲಿ ಬೇರೆ ಇಡಬೇಕು. ಮಾರಿದರೆ ಆ ಗಂಟು ಕುದುರೆಯ ಜೊತೆಗೇ ಹೋಗಬೇಕು. ನಿಲ್ಲಿಸುವ ತೀರ್ಮಾನದಲ್ಲಿ ಸೈಸ್‌ಗೂ ಒಂದು ಮಾತಿರಬೇಕು.

ಇದು ಪಶ್ಚಿಮದಿಂದ ಎರವಲು ತಂದ ಆಲೋಚನೆಯಲ್ಲ. ಇದೇ ಸೇಡಂ ತಾಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ ಆತಕೂರು ಶಾಸನದಲ್ಲಿ ಇದು ಇದೆ. ತಕ್ಕೋಲದ ಯುದ್ಧದಲ್ಲಿ ಗೆದ್ದ ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಬೇಕಾದ್ದು ಬೇಡು ಎಂದ. ಮಣಲೇರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ದೊಡ್ಡ ಹಂದಿಯೊಂದಿಗೆ ಕಾದಾಡಿ, ಹಂದಿಯ ಜೊತೆಗೇ ಸತ್ತಿತು. ಅದಕ್ಕೆ ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು. ಬರೀ ಕಲ್ಲು ನಿಲ್ಲಿಸಿ ಹೋಗಲಿಲ್ಲ. ಅದರ ಪೂಜೆ ನಡೆಯಲೆಂದು ಭೂಮಿ ಬಿಟ್ಟರು. ಆ ಭೂಮಿಯನ್ನು ಉಣ್ಣುವ ಗೊರವ ಕಲ್ಲಿಗೆ ಪೂಜೆ ಸಲ್ಲಿಸದೆ ತಾನು ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದು ಬರೆಸಿದರು.

ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಹಂದಿಯ ಚಿತ್ರದ ಮುಂದೆ ಮಕ್ಕಳು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಹೊಗಳಿಕೆಯ ಜೊತೆಗೆ ಖರ್ಚಿನ ಪುಟವನ್ನೂ ಕೆತ್ತಿದ ಕಲ್ಲು ಅದು: ಎಷ್ಟು ಭೂಮಿ, ಯಾರ ಕೈಯಲ್ಲಿ, ತಪ್ಪಿದರೆ ಏನು. ಸತ್ತ ನಾಯಿಗೇ ಅಷ್ಟು ಕಟ್ಟುಪಾಡು ಮಾಡಿದ ನಾಡು ಇದು. ಬದುಕಿರುವ ಕುದುರೆಗೆ, ಕುಂತ ಎತ್ತಿಗೆ, ಅಂಬಾರಿ ಇಳಿಸಿದ ಆನೆಗೆ ಆ ಗೊರವನ ನಿಯಮವೊಂದು ಸಾಕು: ಅದರ ಹೆಸರಿನಲ್ಲಿ ಉಂಡವನು, ಅದಕ್ಕೆ ಇಟ್ಟ ಮೇಲೆ ತಾನು ಉಣ್ಣಬೇಕು.